ಮೂರನೆಯ ಗಾಜಿನ ಕೊಳವೆ

ಅಳೆದು ನೋಡಲಾಗದ್ದನ್ನು ನಾನು ನಂಬುತ್ತಿರಲಿಲ್ಲ. ಮಳೆ ಬಂದ ದಿನ, ಹಾಲಿನ ಲೆಕ್ಕ, ಬಸ್ಸು ತಡವಾದದ್ದು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಯಾರಾದರೂ ಪವಾಡದ ಮಾತೆತ್ತಿದರೆ ಕಾಕತಾಳೀಯವೆಂದು ನಕ್ಕುಬಿಡುತ್ತಿದ್ದೆ. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಜಯನಗರದಲ್ಲಿ ಇನ್ನೂ ಖಾಲಿ ನಿವೇಶನಗಳೇ ಹೆಚ್ಚಾಗಿದ್ದ ಕಾಲ. ನಾನು ಹನುಮಂತನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಮಾವನ ಕುತ್ತಿಗೆಯಲ್ಲಿ ಗಂಟುಗಳೆದ್ದಿದ್ದವು. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅದರ ಮೇಲೆ ಒಂದು ದಿನ, ಅಲುಗಾಡುತ್ತಿದ್ದ ಹಲ್ಲನ್ನು ಅವರು ತಾವೇ ಕಿತ್ತುಕೊಂಡರು. ರಕ್ತ ನಿಲ್ಲಲೇ ಇಲ್ಲ. ಅತ್ತೆ ಅರಿಶಿನ ಒತ್ತಿದರು, ಕಾಫಿಪುಡಿ ಒತ್ತಿದರು. ಕೊನೆಗೆ ಆಸ್ಪತ್ರೆಯಲ್ಲಿ ನನ್ನ ರಕ್ತ ತೆಗೆದು ಅವರಿಗೆ ಕೊಟ್ಟರು. “ಎಳೇ ರಕ್ತ, ಇನ್ನು ನಿಂತೇ ನಿಲ್ಲುತ್ತೆ” ಎಂದು ಅತ್ತೆ ಹಟ ಮಾಡಿ ಅವರನ್ನು ಮನೆಗೆ ಕರೆತಂದರು. ನಿಲ್ಲಲಿಲ್ಲ. ಮಾವ ಬಿಳಿಚಿಕೊಳ್ಳುತ್ತಾ ಹೋದರು.

ನಮ್ಮ ಬೀದಿಯ ಡಾಕ್ಟರು ಬಂದು ಇಬ್ಬರ ರಕ್ತವನ್ನೂ ತೆಗೆದುಕೊಂಡು ನನ್ನನ್ನು ತಮ್ಮ ಕ್ಲಿನಿಕ್ಕಿಗೆ ಕರೆದೊಯ್ದರು. ಒಂದು ಗಾಜಿನ ಕೊಳವೆಯಲ್ಲಿ ನನ್ನ ರಕ್ತ, ಇನ್ನೊಂದರಲ್ಲಿ ಮಾವನದು, ಮೂರನೆಯದರಲ್ಲಿ ಎರಡನ್ನೂ ಬೆರೆಸಿಟ್ಟರು. ನನ್ನದು ಬೇಗನೆ ಗಟ್ಟಿಯಾಯಿತು. ಮಾವನದು ನೀರಿನಂತೆಯೇ ಇತ್ತು. ಬೆರೆಸಿದ್ದೂ ಹಾಗೆಯೇ.

“ರಕ್ತ ಹೆಪ್ಪುಗಟ್ಟಿಸೋ ಅಂಶ ಬರೀ ಕಮ್ಮಿ ಆಗಿದ್ರೆ ನಿನ್ನ ರಕ್ತ ಅದನ್ನ ತುಂಬಬೇಕಿತ್ತಪ್ಪಾ. ಆ ಅಂಶವನ್ನೇ ಕೆಡಿಸೋದು ಏನೋ ಅವರ ರಕ್ತದಲ್ಲೇ ಹುಟ್ಕೊಂಡಿದೆ. ಈ ಗಂಟಿನ ಕಾಯಿಲೆಯಲ್ಲಿ ಅಪರೂಪಕ್ಕೆ ಹೀಗಾಗುತ್ತೆ ಅಂತ ಓದಿದ್ದೆ, ನೋಡಿರ್ಲಿಲ್ಲ.”

“ಹಾಗಾದ್ರೆ ನಾನು ಕೊಟ್ಟ ರಕ್ತ, ಸಾರ್?”

“ಅದನ್ನೂ ಕೆಡಿಸಿರುತ್ತೆ.”

ಅವರು ಆಸ್ಪತ್ರೆಗೆ ಫೋನು ಮಾಡಲು ಒಳಗೆ ಹೋದರು. ನಾನು ಮೂರನೆಯ ಕೊಳವೆಯನ್ನು ಓರೆ ಮಾಡುತ್ತಾ ಕುಳಿತೆ. ಸಂಜೆಯಾಗಿತ್ತು. ಬಡಾವಣೆಯ ಗುಡ್ಡದ ಮೇಲಿನ ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ ಶುರುವಾಯಿತು. ಅದು ಮುಗಿಯುವುದರೊಳಗೆ, ನನ್ನ ಕೈಯಲ್ಲೇ, ಆ ರಕ್ತ ಅಲುಗುವುದನ್ನು ನಿಲ್ಲಿಸಿತು. ಕೊಳವೆಯನ್ನು ತಲೆಕೆಳಗು ಮಾಡಿದೆ. ಒಂದು ಹನಿಯೂ ಬೀಳಲಿಲ್ಲ.

ಮನೆಗೆ ಓಡಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಗುಡ್ಡದ ಗಂಟೆ ಹೊಡೀತಿದ್ದ ಹಾಗೇ ರಕ್ತ ನಿಂತೋಯ್ತು ಕಣೋ!”

ಬೆರೆಸಿದ ರಕ್ತ ತಡವಾಗಿ ಹೆಪ್ಪುಗಟ್ಟುವುದುಂಟು, ಇಂಥ ಸ್ರಾವ ತಾನಾಗಿಯೇ ನಿಲ್ಲುವುದೂ ಉಂಟು ಎಂದರು, ನನ್ನ ಹಿಂದೆಯೇ ಬಂದ ಡಾಕ್ಟರು. “ಎರಡೂ ಒಟ್ಟಿಗೇನಾ ಸಾರ್?” ಎಂದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಗಂಟುಗಳು ಮಾರನೆಯ ವರ್ಷ ಮಾವನನ್ನು ಕೊಂಡೊಯ್ದವು. ಆದರೆ ಅವರಿಗೆ ಮತ್ತೆಂದೂ ಹಾಗೆ ರಕ್ತ ಹೋಗಲಿಲ್ಲ. ರಕ್ತ ನಿಂತ ಆ ಸಂಜೆ ಅವರು ತಣ್ಣನೆಯ ಗಂಜಿ ಕುಡಿಯುತ್ತಾ ನನ್ನಿಂದ ಕೊಳವೆಯ ಕಥೆ ಕೇಳಿ, “ಗಟ್ಟಿಯಾಗಿದ್ದು ನಿನ್ನ ರಕ್ತಾನೋ, ನಂದೋ?” ಎಂದು ನಗುತ್ತಾ ನಿದ್ದೆಹೋದರು. ನಾನು ಅವರ ಮಣಿಕಟ್ಟು ಹಿಡಿದು ಕುಳಿತೆ. ಬೆರಳ ಕೆಳಗೆ ಮಿಡಿಯುತ್ತಿದ್ದುದು ಯಾರದೆಂದು ನನಗೆ ಇಂದಿಗೂ ಗೊತ್ತಿಲ್ಲ.