ಹಾಕುವ ಚೀಲ, ಹಿಡಿಯುವ ಚೀಲ

ನನ್ನ ತಂಗಿಯ ಮಗಳನ್ನು ಬೀದಿಯವರೆಲ್ಲ ಮಂಜಕ್ಕ ಎನ್ನುತ್ತಾರೆ. ಅದು ಹೆತ್ತವರು ಇಟ್ಟ ಹೆಸರಲ್ಲ, ಮಂಜುಗಡ್ಡೆ ಕೊಟ್ಟ ಹೆಸರು. ಹವಾಮಾನ ಕಚೇರಿಯಲ್ಲಿ ಗಾಳಿ ಅಳೆಯುವ ಯಂತ್ರಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಆ ಕೆಲಸವೇ ಅವಳನ್ನು ಐದು ಸಲ ಭೂಮಿಯ ದಕ್ಷಿಣದ ತುದಿಗೆ ಕರೆದೊಯ್ದಿತು. ಅಲ್ಲಿ ಜಾರುಬಂಡಿ ಎಳೆದುಕೊಂಡು ತಿಂಗಳುಗಟ್ಟಲೆ ನಡೆದವಳು, ಎರಡು ಕಾಲ್ಬೆರಳನ್ನು ಚಳಿಗೆ ಒಪ್ಪಿಸಿ ಬಂದಳು.

ಮೊದಲ ಸಲ ಹೊರಡುವ ಮುಂಚೆ ಫೋನ್ ಮಾಡಿದ್ದಳು.

“ದೊಡ್ಡಮ್ಮಾ, ದಪ್ಪ ಬಟ್ಟೇಲಿ ಕೈಚೀಲ ಹೊಲಿದಿಡು. ಗಾಳಿ ಒಳಗೆ ನುಗ್ಗಬಾರದು.”

ನಾನು ಹೊಲಿಗೆಯವಳು. ಡೇರೆ ಬಟ್ಟೆ ತಂದು, ಜೋಡಿ ಹೊಲಿಗೆ ಹಾಕಿ, ಬಾಯಿಗೆ ಸಾಲಾಗಿ ಗುಂಡಿ ಕೂರಿಸಿ, ಹೆಗಲಿಗೆ ಪಟ್ಟಿ ಕೊಟ್ಟು ಚೀಲ ಮಾಡಿಟ್ಟೆ. ಅವಳು ಬಂದು ನೋಡಿ, ನೆಲದ ಮೇಲೆ ಕೂತು ನಕ್ಕಳು.

“ಕೈಗೆ ಹಾಕೋ ಚೀಲ ಕೇಳಿದ್ದು, ಗವಸು! ಕಾಲಿಗೆ ಹಾಕೋದು ಕಾಲುಚೀಲ ಆದ್ರೆ, ಕೈಗೆ ಹಾಕೋದು ಕೈಚೀಲ ತಾನೇ?”

“ಗಾಳಿ ನುಗ್ಗಬಾರದು ಅಂದೆ, ಗುಂಡಿ ಹಾಕಿದೆ. ಐದು ಬೆರಳು ಅಂದಿದ್ರೆ ಐದು ಬೆರಳು ಹೊಲೀತಿದ್ದೆ ಕಣೇ!”

ಗವಸನ್ನು ಅಂಗಡಿಯಿಂದ ತಂದಳು. ಆದರೂ ನನ್ನ ಚೀಲವನ್ನು ಬಿಟ್ಟು ಹೋಗಲಿಲ್ಲ. ಅಲ್ಲಿ ಯಾರೋ ಹಿಂದೆ ಬಿಡಾರ ಹೂಡಿದ್ದ ಜಾಗದಲ್ಲಿ ಹರಿದ ಹಗ್ಗ, ಡಬ್ಬಿ, ಬಿಸ್ಕತ್ತಿನ ಕವರು ಕಂಡಿತಂತೆ. ಎಲ್ಲವನ್ನೂ ಅದಕ್ಕೇ ತುಂಬಿಕೊಂಡು ಬಂದಳು. ಆಮೇಲೆ ಪ್ರತಿ ಸಲವೂ ಹಾಗೆಯೇ. “ಹೋಗುವಾಗ ಖಾಲಿ, ಬರುವಾಗ ಬಸುರಿ” ಎಂದು ನಾನು ಆ ಚೀಲವನ್ನು ಆಡಿಕೊಳ್ಳುತ್ತಿದ್ದೆ.

ಹೋದ ವರ್ಷ ನಮ್ಮ ಬೀದಿಯ ಹಿಂದಿನ ಕೆರೆಯನ್ನು ಊರ ಕಸದಿಂದ ಮುಚ್ಚಲು ನಗರಸಭೆ ಹೊರಟಿತು. ನಮ್ಮ ಬಾವಿಗಳಿಗೆಲ್ಲ ಆ ಕೆರೆಯೇ ತಾಯಿ. ಸಭೆಯಲ್ಲಿ ಮಂಜಕ್ಕ ಮಾತಾಡಲು ಎದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

“ಮಂಜುಗಡ್ಡೆ ನೋಡೋಕೆ ಅಷ್ಟು ದೂರ ಯಾಕಮ್ಮ ಹೋದೆ? ನಮ್ಮನೆ ಫ್ರಿಜ್ ತೆಗೆದಿದ್ರೆ ಆಗ್ತಿತ್ತಲ್ಲ!” ಎಂದ ಒಬ್ಬ ಸದಸ್ಯ. ಎಲ್ಲರೂ ನಕ್ಕರು. ಅವಳೂ ನಕ್ಕಳು.

“ಕಸ ನಾಲ್ಕು ವರ್ಷಕ್ಕೆ ಕೊಳೆತು ಮಣ್ಣಾಗತ್ತೆ ಬಿಡಿ,” ಎಂದರು ಅಧ್ಯಕ್ಷರು.

ಅವಳು ನಾನು ಹೊಲಿದ ಚೀಲದ ಗುಂಡಿ ಬಿಚ್ಚಿ, ಒಂದೇ ಬಗೆಯ ಎರಡು ಬಿಸ್ಕತ್ತಿನ ಕವರುಗಳನ್ನು ಮೇಜಿನ ಮೇಲಿಟ್ಟಳು. ಎರಡರ ಮೇಲೂ ಇಪ್ಪತ್ತು ವರ್ಷದ ಹಿಂದಿನ ತಾರೀಕು ಓದಲು ಬರುತ್ತಿತ್ತು.

“ಒಂದು ಮಂಜುಗಡ್ಡೆ ಮೇಲೆ ಸಿಕ್ಕಿದ್ದು. ಇನ್ನೊಂದು ನಿನ್ನೆ ನಮ್ಮ ಕೆರೆ ಕೆಸರಲ್ಲಿ ಸಿಕ್ಕಿದ್ದು, ತೊಳೆದು ತಂದಿದ್ದೀನಿ. ಯಾವುದು ಎಲ್ಲಿಯದು, ನೀವೇ ಹೇಳಿ ಸಾರ್.”

ಅಧ್ಯಕ್ಷರು ಕನ್ನಡಕ ಹಾಕಿಕೊಂಡರು, ತಿರುಗಿಸಿ ನೋಡಿದರು, ಕನ್ನಡಕ ತೆಗೆದರು. ಹೇಳಲಾಗಲಿಲ್ಲ. ಕೈ ಎತ್ತಲು ಹೇಳಿದಾಗ ಕೆರೆಯ ಪರವಾಗಿ ಮೂರು ಕೈ ಹೆಚ್ಚಿದ್ದವು. ಅದರಲ್ಲಿ ಫ್ರಿಜ್ಜಿನ ಮಾತಾಡಿದವನದೂ ಒಂದು.

ಹೊರಗೆ ಬಂದು ಮಂಜಕ್ಕ ನನ್ನ ತೋಳು ಹಿಡಿದಳು. “ಅವತ್ತು ನೀನು ಗವಸು ಹೊಲಿದಿದ್ರೆ ಇವತ್ತು ನಾನು ಏನು ತೋರಿಸ್ತಿದ್ದೆ ದೊಡ್ಡಮ್ಮ?”

ಬೆರಳು ತೆತ್ತವಳು ಅವಳು. ನನ್ನ ಪಾಲಿನದು ಒಂದು ತಪ್ಪು ಮಾತ್ರ. ಅದಕ್ಕೂ ಒಂದು ಕೆಲಸ ಕೊಟ್ಟಳಲ್ಲ, ಆ ಉಪಕಾರವನ್ನು ಮರೆಯಲಾರೆ.

ಈಗ ಯಾರು ಬಂದು ಕೈಚೀಲ ಕೇಳಿದರೂ ಕತ್ತರಿ ಹಿಡಿಯುವ ಮುಂಚೆ ಕೇಳಿಬಿಡುತ್ತೇನೆ: “ಹಾಕೋದಾ, ಹಿಡಿಯೋದಾ?”