ಕೃಷ್ಣಾಬಾಯಿ ಡಬ್ಬು ಹಾಕಿದ ಬಕೆಟ್

ಸವಣೂರಿನ ನಮ್ಮ ಓಣಿಯಲ್ಲಿ ಮನುಷ್ಯರನ್ನು ಅವರ ಮನೆಯ ನೆಲ ನೋಡಿ ಅಳೆಯುವವರು ಕೃಷ್ಣಾಬಾಯಿ. ಎದುರು ಮನೆಯವನಾದ ನನ್ನನ್ನು ಎಂದೋ ಅಳೆದು ಕೈಬಿಟ್ಟಿದ್ದಾರೆ. ಈ ವಯಸ್ಸಿನಲ್ಲೂ ಕುಕ್ಕರಗಾಲಲ್ಲಿ ಕೂತು, ಹಳೆಯ ಧೋತರದ ತುಂಡಿನಿಂದ ಫರಸಿ ಕಲ್ಲಿನ ನೆಲ ಒರೆಸುತ್ತ ದೇವರ ಕೋಣೆಯಿಂದ ಹೊಸ್ತಿಲಿನವರೆಗೆ ಹಿಂದೆ ಹಿಂದೆ ಸರಿಯುತ್ತಾರೆ. ಈಚೆಗೆ ಏಳುವಾಗ ಬಾಗಿಲು ಹಿಡಿಯಬೇಕಾಗುತ್ತದೆ.

ಅವರ ಯಜಮಾನರಾದ ನರಸಿಂಹ ಮಾಸ್ತರಿಗೆ ಹುಬ್ಬಳ್ಳಿಯಲ್ಲಿ ಎದೆಯ ಆಪರೇಷನ್ ನಿಗದಿಯಾಯಿತು. ಹೊರಡುವ ಹಿಂದಿನ ದಿನ ನನ್ನನ್ನು ಕರೆದರು.

"ಚನ್ನೇಶ, ಆಕೀಗೆ ನಿಂತು ಒರಸೋ ಕೋಲು, ಬಕೆಟ್ಟು ತಂದುಕೊಡೋ. ಬಂದ್ರ ನೋಡ್ತೇನಿ."

ಆ "ಬಂದ್ರ" ನನಗೆ ಸೇರಲಿಲ್ಲ.

ಅಂಗಡಿಯ ಹಸನಸಾಬ, "ಗಾಲಿ ಬಕೆಟ್ ಒಯ್ರಿ, ತುಳಿದ್ರ ತಿರಗಿ ಅರಿವಿ ಹಿಂಡತೈತಿ" ಅಂದ.

"ಹೊಸ್ತಿಲ ಬಂದ್ರ ಗಾಲಿ ಜಿಗಿತಾವೇನೋ?"

"ಹಂಗಾರ ಈ ಸಣ್ಣದು. ಅಗಲ ಬಾಯಿ, ಹಗೂರ. ತುಂಬಿದ್ರೂ ವಯಸ್ಸಾದವರು ಎತ್ತತಾರ. ಕೋಲಿನ ಅರಿವಿ ಬಿಚ್ಚಿ ಒಗೀಬಹುದು."

"ನನಗ ಎತ್ತಾಕ ಬರತೈತೇನು?"

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಅರ್ಧಾನ ತುಂಬಸ್ರಿ."

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಮಾಸ್ತರು ಬರಿಗಾಲಲ್ಲಿ ತುಳಸಿ ಸುತ್ತಿ ಬಂದು ದೇವರಿಗೆ ನಮಸ್ಕರಿಸಿ, ಮಗನ ಜೊತೆ ಕಾರು ಹತ್ತಿದರು. ಕೃಷ್ಣಾಬಾಯಿ ಓಣಿಯ ತಿರುವಿನತನಕ ಹೋಗಿ ನಿಂತರು. ಅವರು ಬರುವಷ್ಟರಲ್ಲಿ ಬೆರಗುಗೊಳಿಸೋಣವೆಂದು ನಾನು ಒಳಗೆ ಹೊಕ್ಕು, ಬಕೆಟ್ ಅರ್ಧ ತುಂಬಿಸಿ, ಕೆಸರಿನ ಹೆಜ್ಜೆಗಳನ್ನೆಲ್ಲ ಒರೆಸಿಬಿಟ್ಟೆ.

ಅವರು ಬಾಗಿಲಲ್ಲೇ ನಿಂತರು.

"ಏನ್ ಮಾಡಿದ್ಯೋ?"

"ನೋಡ್ರಿ ಕಾಕು, ಹೆಂಗ ಮಿಂಚಾಕತ್ತೈತಿ!"

"ಅವರು ಊರು ಮುಟ್ಟೋತನಕ ಕಸಾ ಸುದ್ದಾ ಹೊಡೀಬಾರದು. ನೀ ನೀರು ಹಾಕಿದಿ."

ಹೊರಟವರ ಬೆನ್ನಿಗೇ ನೆಲ ತೊಳೆಯುವುದು ಹೆಣ ಎತ್ತಿದ ಮನೆಯಲ್ಲಿ. ಓಣಿಯ ಕೂಸಿಗೂ ಗೊತ್ತಿರುವ ಮಾತು. ಹೊಸ ಕೋಲು ಕೈಗೆ ಬಂದ ಗುಂಗಿನಲ್ಲಿ ನನಗೊಬ್ಬನಿಗೆ ಮರೆತಿತ್ತು. ನೆಲದಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡುವಂತಿರಲಿಲ್ಲ.

ಹೊಸ್ತಿಲ ಮೂಲೆಯಲ್ಲಿ ನನ್ನ ಕೋಲು ಮುಟ್ಟದ, ಮಾಸ್ತರ ಒಂದು ಹೆಜ್ಜೆ ಉಳಿದಿತ್ತು. ಒರೆಸಲು ಬಾರದವನ ಪುಣ್ಯ. ಕೃಷ್ಣಾಬಾಯಿ ಅದನ್ನು ಕಂಡವರೇ ಬಕೆಟ್ ಕಸಿದು, ನೀರನ್ನು ಅಂಗಳಕ್ಕೆ ಚೆಲ್ಲಿ, ಹೆಜ್ಜೆಯ ಮೇಲೆ ಬೋರಲಾಗಿ ಡಬ್ಬು ಹಾಕಿ ಪಕ್ಕದಲ್ಲೇ ಕೂತರು. ಅಗಲ ಬಾಯಿ, ಇಡೀ ಪಾದ ಹಿಡಿಯಿತು.

ಬಹಳ ಹೊತ್ತಿನ ಮೇಲೆ ಫೋನು ರಿಂಗಾಯಿತು.

"ಒರಸಿದಾಂವ ನೀ. ನೀನ ಎತ್ತು" ಅಂದರು ಕೃಷ್ಣಾಬಾಯಿ.

ಮಾಸ್ತರ ದನಿ. "ಮುಟ್ಟಿದ್ವಿ. ನಾಳೆ ಮುಂಜಾನೆ ಆಪರೇಷನ್. ಕೋಲು ತಂದ್ಯಾ?"

"ತಂದೇನ್ರಿ."

"ಇನ್ನೂ ಒರಸಿಲ್ಲ ಹೌದಲ್ಲೋ?"

"ಎಲ್ಲೀದ್ರಿ ಮಾಸ್ತರ!" ಅಂದೆ.

ಕೃಷ್ಣಾಬಾಯಿ ಬಕೆಟ್ಟಿನ ಮೇಲೆ ಅಂಗೈ ಊರಿದರು. "ಅವರು ಬಂದು ತಾವ ಎತ್ತಲಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಹೂಂ ಅಂದೆ. ಆಗ ನೆನಪಾಯಿತು: ಅವರು ನೀರು ಚೆಲ್ಲಿದರೇ ಹೊರತು ಬಕೆಟ್ಟಿನ ಒಳಗು ಒರೆಸಿರಲಿಲ್ಲ. ನೋಡುತ್ತಿದ್ದಂತೆ ಅದರ ಅಂಚಿನ ಕೆಳಗಿನಿಂದ ಹೆಜ್ಜೆಯ ಕೆಸರು ಕರಗಿದ ಕೆಂಪು ನೀರಿನ ಸಣ್ಣ ಗೆರೆಯೊಂದು ಹೊರಬಂದು, ಹೊಸ್ತಿಲ ಕಡೆಗೆ ಹರಿಯತೊಡಗಿತು. ನಾನು ಚಪ್ಪಲಿ ಹುಡುಕುವವನ ಹಾಗೆ ಆ ಗೆರೆಗೆ ಅಡ್ಡವಾಗಿ ಹೋಗಿ ನಿಂತುಕೊಂಡೆ.