ಕಾಕಾನ ಘೋಣಸಗಿಯನ್ನು ಎಬ್ಬಿಸಿದ್ದು

ಹಳೆಯ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯ ಫ್ಯಾನು ತಿರುಗಿದ ಕೂಡಲೇ ಮನೆಯ ತುಂಬ ಕಾದ ಧೂಳಿನ ವಾಸನೆ ಹರಡಿತು. ಅದರ ಹಿಂದೆಯೇ, ಸಣ್ಣಗೆ, ತಂಬಾಕಿನದು. ಸ್ಟೇಷನ್ ರಸ್ತೆಯ ಕಾಕಾನ ರಿಪೇರಿ ಅಂಗಡಿಯೇ ನಮ್ಮ ನಡುಮನೆಗೆ ಬಂದು ಕುಳಿತಂತಾಯಿತು. ಹೆಂಡತಿ ಕಿಟಕಿ ತೆರೆಯಲು ಹೋದಳು. ಬೇಡ ಎಂದೆ.

ಪೆಟ್ಟಿಗೆ ಕಾಕಾನದು. ಸಂಬಂಧದಿಂದ ಕಾಕಾ ಅಲ್ಲ. ಊರಿನ ಅರ್ಧ ಕಂಪ್ಯೂಟರುಗಳನ್ನು ರಿಪೇರಿ ಮಾಡಿದ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನಾನು ಬಬಲೇಶ್ವರದಲ್ಲಿ ಗಣಿತದ ಮಾಸ್ತರನಾಗಿದ್ದಾಗ ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ನೇರ ಅವರ ಅಂಗಡಿಗೆ ಬರುತ್ತಿದ್ದೆ. ಅವರು ಕಲಿಸಿದ್ದಕ್ಕಿಂತ ಬೈದದ್ದು ಹೆಚ್ಚು. ಸರಿಯಾಗಿ ಆರಿಸದೆ ಪ್ಲಗ್ ಕಿತ್ತ ತಿಕೋಟಾದ ದ್ರಾಕ್ಷಿ ವ್ಯಾಪಾರಿಯೊಬ್ಬನಿಗೆ ಅರ್ಧ ಗಂಟೆ ಉಪದೇಶ ಮಾಡಿ, ಅವನ ಮಶಿನ್ನು ಮುಟ್ಟದೆಯೇ ವಾಪಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಅವರ ಮನೆಯಲ್ಲಿದ್ದ ಈ ಒಂದು ಪೆಟ್ಟಿಗೆಯೊಳಗೆ ಮೂರು ಕಂಪ್ಯೂಟರುಗಳು ಸಂಸಾರ ಹೂಡಿದ್ದವು. ದೇಹವಿಲ್ಲದ ಕಂಪ್ಯೂಟರುಗಳು; ವರ್ಚುವಲ್ ಮಶಿನ್ ಎನ್ನುತ್ತಾರೆ. ಅವಕ್ಕೆಲ್ಲ ಜಾಗ ಕೊಟ್ಟು ಸಾಕುವ ಮನೆಮಾಲೀಕನಿಗೆ ಹೈಪರ್‌ವೈಸರ್ ಎಂದು ಹೆಸರು. ಎಲ್ಲರ ಫೈಲು ತುಂಬಿಟ್ಟುಕೊಂಡಿದ್ದ ಮಶಿನ್ನಿಗೆ ಕಾಕಾ ಊರ ಕೆರೆಯ ಹೆಸರನ್ನೇ, ಭೂತನಾಳ ಎಂದು ಇಟ್ಟಿದ್ದರು. ಬಾಗಿಲ ಕ್ಯಾಮೆರಾದ ವಿಡಿಯೋಗಳನ್ನು ಇಟ್ಟುಕೊಳ್ಳುವುದು ಘೋಣಸಗಿ. ಯಾರು ಬಂದರು, ಎಷ್ಟೊತ್ತಿಗೆ ಹೋದರು ಎಂದು ನೋಡುತ್ತ ಕೂಡುವ ಕೆಲಸಕ್ಕೆ ಹೆಂಡತಿಯ ತವರಿಗಿಂತ ಯೋಗ್ಯ ಹೆಸರಿಲ್ಲ ಎಂಬುದು ಅವರ ವಾದ. ಆ ಹೆಂಡತಿ, ಅಂದರೆ ನಮ್ಮೆಲ್ಲರ ಕಾಕೂ, ಈ ವಿಷಯದಲ್ಲಿ ಅವರೊಡನೆ ಕೊನೆತನಕ ರಾಜಿಯಾಗಲಿಲ್ಲ. ಮೂರನೆಯ ಮಶಿನ್ನು ಏನು ಮಾಡುತ್ತಿತ್ತೆಂಬುದು ಕಾಕಾನಿಗೂ ಮರೆತಿತ್ತು. ಆರಿಸಲು ಮಾತ್ರ ಬಿಡುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಹೋದರು. ಅದೇ ದಿನ ಯಾರೋ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ನಾಲ್ಕು ತಿಂಗಳ ಮೇಲೆ ಕಾಕೂ ನನ್ನನ್ನು ಕರೆಸಿ, ಇದನ್ನು ಒಯ್ಯಿರಿ ಎಂದರು. ಬೇಡಿದ್ದು ಒಂದೇ.

"ಅವರ ಕಡೀ ತಿಂಗಳದ ವಿಡಿಯೋ ಅದರಾಗ ಐತಿ ಅಂತಾರಲ್ರಿ ಮಾಸ್ತರ. ಸಂತಿಯಿಂದ ಬಂದು ಬಾಗಲದಾಗ ಉಸ್ಸಂತ ನಿಂದರ್ತಿದ್ರು. ಅಷ್ಟ ನೋಡಿದ್ರ ಸಾಕು ನನಗ."

ಒಂದು ಮಧ್ಯಾಹ್ನದ ಕೆಲಸ ಎಂದು ಹೇಳಿ ಬಂದೆ. ಸರ್ವನಾಶಕ್ಕೆ ಮೊದಲು ಮನುಷ್ಯ ಆಡುವ ಮಾತು ಅದೇ.

ಪೆಟ್ಟಿಗೆ ಹಳೆಯದು, ಅದರ ಹೈಪರ್‌ವೈಸರ್ ಇನ್ನೂ ಹಳೆಯದು. ನನ್ನ ಹೊಸ ಯಂತ್ರದಲ್ಲಿ ಅದು ಕಾಲಿಡಲೊಲ್ಲದು. ಆದ್ದರಿಂದ ಮೂವರನ್ನೂ ಹೊಸ ಮಾಲೀಕನ ಕೈಗೊಪ್ಪಿಸಬೇಕಿತ್ತು. ಪೆಟ್ಟಿಗೆ ಹಚ್ಚಿದರೂ ಒಳಗಿನವರು ತಾವಾಗಿ ಏಳದಂತೆ ಕಾಕಾ ಮಾಡಿಟ್ಟಿದ್ದರು. ಭೂತನಾಳ ಎರಡು ದಿನ ಕುಂಟುತ್ತ ಬಂತು. ಮೂರನೆಯದು ಬಂತು, ಯಾರಿಗೂ ತಿಳಿಯಲಿಲ್ಲ. ಘೋಣಸಗಿಯ ಡಿಸ್ಕು ಪೂರ್ತಿ ನಕಲಾಗಿ ಬಂದರೂ ಮಶಿನ್ನು ಏಳಲಿಲ್ಲ. ಡಿಸ್ಕೇ ಕಾಣುತ್ತಿಲ್ಲ ಎಂದಿತು. ತೋರಿಸಿದರೆ, ಅದನ್ನು ಓದಿಸುವ ತಂತ್ರಾಂಶ, ಡ್ರೈವರ್, ಎಲ್ಲಿ ಎಂದಿತು. ಡ್ರೈವರ್ ಕೊಟ್ಟರೆ ನೀಲಿ ಪರದೆ ಹೊದ್ದು ಮಲಗಿತು. ಬೀಗರ ಊರೆಂಬುದು ಸಾಬೀತಾಯಿತು. ಇದರ ನಡುವೆ ಹೊಸ ಯಂತ್ರದಲ್ಲಿ ಜಾಗ ಸಾಲದೆ, ನಕಲು ಇದೆಯಲ್ಲ ಎಂಬ ಧೈರ್ಯದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿದ್ದ ಮೂಲವನ್ನು ಅಳಿಸಿ ಅದರ ಡಿಸ್ಕನ್ನು ಇದಕ್ಕೆ ಜೋಡಿಸಿದೆ. ಮೂವತ್ತು ವರ್ಷ ಗಣಿತ ಕಲಿಸಿದವನು, ಉತ್ತರ ಬರುವ ಮೊದಲೇ ಪಾಟಿ ಒರೆಸಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಘೋಣಸಗಿ ಎದ್ದಿತು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಪರದೆಯ ಮೇಲೆ ಕ್ಯಾಮೆರಾದ ಫೈಲುಗಳ ಉದ್ದ ಸಾಲು. ಮೇಲಿನಿಂದ ಒಂದೊಂದೇ ಮಾಯವಾಗುತ್ತಿದ್ದವು. ಒಂದು ಗಳಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು... ಮೂವತ್ತು ದಿನ ದಾಟಿದ್ದನ್ನು ಅಳಿಸು ಎಂದು ಕಾಕಾ ಅದಕ್ಕೆ ಹೇಳಿಟ್ಟಿದ್ದರು. ನಾಲ್ಕು ತಿಂಗಳು ನಿದ್ದೆ ಮಾಡಿ ಎದ್ದದ್ದು ತಾರೀಖು ನೋಡಿಕೊಂಡಿತು, ಎಲ್ಲವೂ ಹಳತೆಂದು ಕಂಡಿತು, ಕಸಬರಿಗೆ ಎತ್ತಿಕೊಂಡಿತು. ಇಷ್ಟು ನಿಷ್ಠಾವಂತ ನೌಕರನನ್ನು ನಾನು ಸರಕಾರಿ ಸೇವೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಪ್ಲಗ್ ಕಿತ್ತೆ.

ಉಳಿದದ್ದು ಒಂದೇ ತುಣುಕು. ಅದನ್ನು ಘೋಣಸಗಿಯನ್ನು ಎಬ್ಬಿಸದೆ, ಸುಮ್ಮನೆ ಅದರ ಡಿಸ್ಕು ತೆರೆದು ಹೊರಗೆ ತೆಗೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೊದಲ ದಿನವೇ ಎಲ್ಲವನ್ನೂ ಹೀಗೆ ತೆಗೆಯಬಹುದಿತ್ತು. ಅದನ್ನು ಎಬ್ಬಿಸುವ ಅಗತ್ಯವೇ ಇರಲಿಲ್ಲ. ಈ ಸಾಲು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ತುಣುಕನ್ನು ಫೋನಿಗೆ ಹಾಕಿಕೊಂಡು ಕಾಕೂನ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡರು. ಅದರಲ್ಲಿದ್ದದ್ದು ಅದೇ ಬಾಗಿಲು. ಬಾಗಿಲ ಮುಂದೆ, ಕೆಟ್ಟ ಪವರ್ ಸಪ್ಲೈ ಒಂದನ್ನು ಕೂಸಿನಂತೆ ಎತ್ತಿಕೊಂಡು ಪೆಚ್ಚಾಗಿ ನಿಂತ ನಾನು. ಕಾಕಾ ಎಲ್ಲಿಯೂ ಇಲ್ಲ. ಒಳಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು.

"ಬಿಚ್ಚಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ ಮಾಸ್ತರ? ಬಿಚ್ಚಿ ಕುಂತ್ರಿ. ಬರ್ರಿ ಒಳಗ, ಚಾ ಆರಾಕತ್ತೈತಿ."

ಅಷ್ಟೇ. ಕಾಕೂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು... ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

"ಇನ್ನೊಮ್ಮಿ ಹಚ್ರಿ. ನಿಮ್ಮ ಮಾರಿ ಮ್ಯಾಲ ಕೈ ಇಟ್ಟು ಹಚ್ರಿ. ದನಿ ಅಷ್ಟ ಸಾಕು."

ಈಗ ಆ ತುಣುಕು ಕಾಕೂನ ಫೋನಿನಲ್ಲಿಯೇ ಇದೆ. ಮುಂಜಾನೆ ಅದನ್ನು ಹಚ್ಚಿ, ಫೋನನ್ನು ನೆಲದ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಕೂತು ಮೆಂತ್ಯಸೊಪ್ಪು ಸೋಸುತ್ತಾರೆ.